ಸುವಾರ್ತಮ್ಮನ ಎಡಗೈ ಗಂಟೆ

ಬದುಕಿರುವವರಿಗೆ ಹೆಣದ ಹಾರ ಹಿಡಿದುಕೊಂಡು ಹೋದ ಮಹಾನುಭಾವ ಹರಿಹರದಲ್ಲಿ ಯಾರಾದರೂ ಇದ್ದರೆ ಅದು ನಾನೇ. ಹೆಸರು ದೇವಪುತ್ರ. ಮೂವತ್ತೊಂದು ವರ್ಷ ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಟ್ಟು ನಿವೃತ್ತನಾದ ಮೇಷ್ಟ್ರು, ಈಗ ನಮ್ಮ ಓಣಿಯ ಸಣ್ಣ ಚರ್ಚಿನ ಕಾರ್ಯದರ್ಶಿ. ನನಗೆ ಸಿಟ್ಟು ಬೇಗ. ಕಾಯುವುದು ಕಷ್ಟ, ತಪ್ಪು ಒಪ್ಪಿಕೊಳ್ಳುವುದು ಇನ್ನೂ ಕಷ್ಟ. ಆದರೂ ಸುವಾರ್ತಮ್ಮನ ಬಗ್ಗೆ ಬರೆಯಬೇಕೆಂದರೆ ನನ್ನ ತಪ್ಪನ್ನು ಬಿಟ್ಟು ಬರೆಯಲಾಗುವುದಿಲ್ಲ, ಏನು ಮಾಡಲಿ.

ಸುವಾರ್ತಮ್ಮ ನಮ್ಮ ಚರ್ಚಿನ ಗಂಟೆ ಬಾರಿಸುವ ಹೆಂಗಸು. ಹುಟ್ಟಿದ್ದು ನಂದಿಗುಡಿಯಲ್ಲಿ, ಭತ್ತದ ನಾಟಿಗೆ ಹೋಗುವವರ ಮನೆಯಲ್ಲಿ. ಮದುವೆಯಾಗಿ ಹರಿಹರಕ್ಕೆ ಬಂದಾಗ ಗಂಡ ಯೋಸೇಪಪ್ಪ ವಾರವೆಲ್ಲ ಕಾರ್ಖಾನೆಯಲ್ಲಿ ದುಡಿದು ಭಾನುವಾರ ಗಂಟೆ ಬಾರಿಸುತ್ತಿದ್ದ. ಕಾರ್ಖಾನೆ ಮುಚ್ಚಿತು. ಅದೇ ಕೊರಗಿನಲ್ಲಿ ಕಾಯಿಲೆ ಬಿದ್ದು ನಲವತ್ತೇಳನೇ ವಯಸ್ಸಿಗೆ ಹೋಗಿಬಿಟ್ಟ. ಅವನಿಗೆ ಗಂಟೆ ಬಾರಿಸುವವರು ಯಾರು ಎಂದು ನಾವು ಗಂಡಸರು ಮುಖ ಮುಖ ನೋಡಿಕೊಳ್ಳುತ್ತಿದ್ದಾಗ ಈಕೆ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಹೋಗಿ ಹಗ್ಗ ಹಿಡಿದಳು. ನಲವತ್ತೇಳು ಏಟು. ಒಂದೂ ಹೆಚ್ಚಲ್ಲ, ಒಂದೂ ಕಡಿಮೆಯಲ್ಲ, ನಾನು ಎಣಿಸಿದ್ದೇನೆ. ಅಲ್ಲಿಂದ ಇಪ್ಪತ್ತು ವರ್ಷ ಆ ಹಗ್ಗವನ್ನು ಬೇರೆ ಯಾರೂ ಮುಟ್ಟಲಿಲ್ಲ.

ನಮ್ಮ ಗಂಟೆಯ ಪದ್ಧತಿ ಹೇಳಿಬಿಡುತ್ತೇನೆ. ಹಬ್ಬಕ್ಕೆ, ಮದುವೆಗೆ, ಭಾನುವಾರದ ಆರಾಧನೆಗೆ ಬಾರಿಸುವುದು ಹಬ್ಬದ ಗಂಟೆ. ಎರಡೂ ಕೈಯಿಂದ ಹಗ್ಗ ಜಗ್ಗಿ ಬಿಟ್ಟು ಜಗ್ಗಿ ಬಿಟ್ಟು ಗಂಟೆಯನ್ನು ತೂಗಬೇಕು, ಅದರ ನಾಲಿಗೆ ಎರಡೂ ಕಡೆ ಬಡಿಯಬೇಕು, ಬಿಡುವಿಲ್ಲದೆ ಸದ್ದು ಉರುಳಬೇಕು. ಸಾವಿನ ಗಂಟೆ ಹಾಗಲ್ಲ. ಒಂದೇ ಕಡೆ ಒಂದು ಏಟು, ಆಮೇಲೆ ನಿಧಾನವಾಗಿ ಐದು ಎಣಿಸುವಷ್ಟು ಮೌನ, ಮತ್ತೆ ಒಂದು ಏಟು. ಸತ್ತವರಿಗೆ ಎಷ್ಟು ವಯಸ್ಸೋ ಅಷ್ಟು ಏಟು. ಗಂಟೆ ಕೇಳಿದೊಡನೆ ಓಣಿಯ ಜನವೆಲ್ಲ ಕೈಯಲ್ಲಿದ್ದ ಕೆಲಸ ಬಿಟ್ಟು ಎಣಿಸಲು ನಿಲ್ಲುತ್ತಾರೆ. ಇಪ್ಪತ್ತಕ್ಕೆ ನಿಂತರೆ ಎದೆ ಒಡೆದುಕೊಳ್ಳುತ್ತಾರೆ, ಎಂಬತ್ತು ದಾಟಿದರೆ 'ಪುಣ್ಯವಂತರು' ಎನ್ನುತ್ತಾರೆ. ನಮ್ಮ ಚರ್ಚಿನ ಸಭೆಯವರಷ್ಟೇ ಅಲ್ಲ, ಸುವಾರ್ತಮ್ಮನ ಪಕ್ಕದ ಮನೆಯಲ್ಲಿ ಗಾದಿ ಹೊಲಿಯುವ ಹಜೀರಾಬೀ ಕೂಡ ಸೂಜಿ ಕೆಳಗಿಟ್ಟು ಎಣಿಸುತ್ತಾಳೆ. ಎಷ್ಟಕ್ಕೆ ನಿಂತಿತು ಎಂಬುದರ ಮೇಲೆ ಯಾರ ಮನೆಗೆ ಉಪ್ಪಿಟ್ಟು ಕಳಿಸಬೇಕೆಂದು ಅವಳಿಗೆ ತಿಳಿಯುತ್ತದೆ. ಸಾವಿನ ಮನೆಯಲ್ಲಿ ಒಲೆ ಹಚ್ಚುವುದಿಲ್ಲವಲ್ಲ.

ಹೊಟ್ಟೆಪಾಡಿಗೆ ಸುವಾರ್ತಮ್ಮ ದಾವಣಗೆರೆಯ ಒಂದು ಆಸ್ಪತ್ರೆಯಲ್ಲಿ ಆಯಾ ಆಗಿದ್ದಳು. ಬೆಳಿಗ್ಗೆ ಆರೂವರೆಯ ಬಸ್ಸು, ಸಂಜೆ ವಾಪಸು. ಮಲಮೂತ್ರ ಬಳಿಯುವ ಕೆಲಸ. ಅದರ ಜೊತೆಗೆ ಯಾರೂ ಹೇಳದ ಇನ್ನೊಂದು ಕೆಲಸ ಇಟ್ಟುಕೊಂಡಿದ್ದಳು: ನೋಡಲು ಯಾರೂ ಬರದ ರೋಗಿಗಳ ಹಾಸಿಗೆಯ ಪಕ್ಕ ಕೂತು ಅವರನ್ನು ನಗಿಸುವುದು. ನಾನು ಹರ್ನಿಯಾ ಆಪರೇಷನ್ನಿಗೆ ಅಲ್ಲಿ ಮಲಗಿದ್ದಾಗ ನನ್ನನ್ನೂ ನಗಿಸಿ ಹೊಲಿಗೆ ಕಿತ್ತುಹೋಗುವಂತೆ ಮಾಡಿದ್ದಳು. ಬೈದೆ. "ಎಲ್ಲಿಂದ ಬರ್ತೈತೆ ನಿನಗೆ ಇಷ್ಟು ನಗು? ಕಂಡೋರು ಹುಚ್ಚಿ ಅಂತಾರೆ," ಎಂದೆ.

"ಅಳು ತಾನಾಗೇ ಬರ್ತೈತೆ ಮೇಷ್ಟ್ರೇ, ಅದಕ್ಕೆ ನಮ್ಮ ಮನೆ ಗೊತ್ತು," ಎಂದಳು. "ನಗೂನ ನಾನೇ ಹೋಗಿ ಕರ್ಕೊಂಡ್ ಬರಬೇಕು. ಬೆಳಿಗ್ಗೆ ಎದ್ದು ಪ್ರಾರ್ಥನೆ ಮಾಡೋವಾಗ ಹೋಗಿ ಕರ್ಕೊಂಡ್ ಬರ್ತೀನಿ. ಒಂದೊಂದ್ ದಿನ ಬರಲ್ಲ ಅಂತೈತೆ. ಬಿಡಲ್ಲ ನಾನು."

ಕ್ರಿಸ್ಮಸ್ ಮುಗಿದ ಮೂರನೇ ದಿನ, ಅದೇ ಆಸ್ಪತ್ರೆಯ ವರಾಂಡದಲ್ಲಿ ಬಕೆಟ್ಟು ಹಿಡಿದಿದ್ದವಳು ಹಾಗೇ ಕುಸಿದಳು. ಲಕ್ವಾ. ಬಲಗಾಲು ಒಂದಿಷ್ಟು ಸುಧಾರಿಸಿತು, ಕೋಲು ಊರಿ ನಡೆಯುವಷ್ಟು. ಬಲಗೈ ಮಾತ್ರ ಭುಜದಿಂದ ಕೆಳಗೆ ಜೋತುಬಿತ್ತು. ಕೆಲಸ ಹೋಯಿತು. ಐವತ್ತೆಂಟು ವಯಸ್ಸು, ಒಂಟಿ ಜೀವ. ಸಭೆಯವರು ಸರದಿ ಮೇಲೆ ಊಟ ಕಳಿಸಿದೆವು, ಹಜೀರಾಬೀ ಸರದಿ ಗಿರದಿ ನೋಡದೆ ದಿನಾ ಕಳಿಸಿದಳು. ಗಂಟೆ ಸುಮ್ಮನಾಯಿತು. ಭಾನುವಾರ ನಾನೇ ವಾಟ್ಸಾಪ್ ಗುಂಪಿಗೆ 'ಆರಾಧನೆ ಒಂಬತ್ತಕ್ಕೆ' ಎಂದು ಹಾಕುತ್ತಿದ್ದೆ. ಜನ ಒಂಬತ್ತೂಕಾಲಿಗೆ ಬರುತ್ತಿದ್ದರು.

ಹೀಗೆ ಫೆಬ್ರುವರಿ ಬಂತು. ಒಂದು ಭಾನುವಾರ ಬೆಳಿಗ್ಗೆ ಕನ್ನಡಿ ಮುಂದೆ ಅರ್ಧ ಗಡ್ಡ ಹೆರೆದುಕೊಂಡು ನಿಂತಿದ್ದೆ. ಢಣ್. ಕೈ ನಿಂತಿತು. ಐದು ಎಣಿಸುವಷ್ಟು ಮೌನ. ಮತ್ತೆ ಢಣ್. ಅಯ್ಯೋ ಕರ್ತನೇ, ಯಾರೋ ಹೋದರು! ಎಣಿಸತೊಡಗಿದೆ. ಹತ್ತು, ಇಪ್ಪತ್ತು, ನಲವತ್ತು. ಐವತ್ತೊಂದಕ್ಕೆ ನಿಂತಿತು. ಐವತ್ತೊಂದರವರು ನಮ್ಮ ಸಭೆಯಲ್ಲಿ ಯಾರಿದ್ದಾರೆ? ಯಾರೂ ಇಲ್ಲ. ಕಾಯಿಲೆಯಲ್ಲಿದ್ದವರು ಯಾರು? ಸುವಾರ್ತಮ್ಮ. ಅವಳಿಗೆ ಐವತ್ತೆಂಟಲ್ಲವೇ? ಬಾರಿಸಿದವನು ಯಾವನೋ ಲೆಕ್ಕ ತಪ್ಪಿದ್ದಾನೆ ದಡ್ಡ ಮುಂಡೇದು, ಎಂದುಕೊಂಡೆ. ನೋಡಿ ನನ್ನ ಬುದ್ಧಿ! ಗಂಟೆ ತಪ್ಪಿರಬೇಕೇ ಹೊರತು ನನ್ನ ಲೆಕ್ಕ ತಪ್ಪುವುದಿಲ್ಲ.

ಕೂಡಲೇ ಗುಂಪಿಗೆ ಬರೆದೆ: 'ನಮ್ಮ ಪ್ರೀತಿಯ ಸುವಾರ್ತಮ್ಮನವರು ಇಂದು ಬೆಳಿಗ್ಗೆ ಕರ್ತನಲ್ಲಿ ನಿದ್ರೆ ಹೋದರು.' ಟಪಟಪನೆ ಕೈಮುಗಿದ ಚಿತ್ರಗಳು ಬಂದವು. ಹೆಣದ ಪೆಟ್ಟಿಗೆ ಮಾಡಿಕೊಡುವ ಬಡಗಿ ಅಮ್ಜದನಿಗೆ ಫೋನು ಮಾಡಿ, "ಐದಡಿ ಸಾಕಪ್ಪ, ಸುವಾರ್ತಮ್ಮ ಗಿಡ್ಡ," ಎಂದೆ.

"ಅಲ್ಲಾ! ನಿನ್ನೆ ಸಂಜೆ ನಮ್ಮ ಅಂಗ್ಡಿ ಮುಂದೆ ಕೋಲು ಊರ್ಕೊಂಡು ಹೋದ್ರಲ್ರೀ!" ಎಂದ ಅಮ್ಜದ್.

"ಸಾವು ನಿನ್ನನ್ನ ಕೇಳಿ ಬರ್ತೈತೇನೋ? ಬಾ ಬೇಗ," ಎಂದು ಗದರಿಸಿ, ಅರ್ಧ ಗಡ್ಡದಲ್ಲೇ ಬಸ್ ಸ್ಟ್ಯಾಂಡಿನ ಹತ್ತಿರ ಹೋಗಿ ದಪ್ಪನೆಯ ಸೇವಂತಿಗೆ ಹಾರ ತಂದೆ.

ಅವಳ ಮನೆಗೆ ಹೋದರೆ ಬಾಗಿಲಿಗೆ ಬೀಗ. ಮೆಟ್ಟಿಲ ಮೇಲೆ ಹಜೀರಾಬೀ ನಲವತ್ತು ಜನಕ್ಕಾಗುವಷ್ಟು ಉಪ್ಪಿಟ್ಟಿನ ಪಾತ್ರೆ ಇಟ್ಟುಕೊಂಡು ಎದೆ ಬಡಿದುಕೊಳ್ಳುತ್ತಿದ್ದಳು. "ಬೀಗ ಹಾಕೈತಲ್ರೀ ಮೇಷ್ಟ್ರೇ! ಅಕ್ಕನ್ನ ಎಲ್ಲಿಗೆ ತಗೊಂಡ್ ಹೋದ್ರು?" ಎಂದಳು. ಚರ್ಚಿಗೇ ತಂದಿರಬೇಕೆಂದು ನಾನು ಮುಂದೆ, ಹಿಂದೆ ಪಾತ್ರೆ ಹೊತ್ತ ಹಜೀರಾಬೀ, ಅವಳ ಹಿಂದೆ ಬಿಳಿ ಸೀರೆ ಉಟ್ಟ ಹೆಂಗಸರು, ಎಲ್ಲರೂ ಮೆರವಣಿಗೆ ಹೋದೆವು. ನಮ್ಮ ಅಯ್ಯನವರು, ಅಂದರೆ ಸಭೆಯ ಪಾಸ್ಟರು, ಇನ್ನೂ ಎಳೆಯ ವಯಸ್ಸಿನವರು, ಕಪ್ಪು ನಿಲುವಂಗಿ ಹಾಕಿಕೊಂಡು ಗೇಟಿನಲ್ಲೇ ಸೇರಿಕೊಂಡರು.

ಗಂಟೆಗೂಡಿನ ಕಟ್ಟೆಯ ಮೇಲೆ ಸುವಾರ್ತಮ್ಮ ಕೂತಿದ್ದಳು. ಎಡಗೈಯಲ್ಲಿ ಹಗ್ಗದ ತುದಿ. ಸೆರಗಿನಿಂದ ಮುಖದ ಬೆವರು ಒರೆಸಿಕೊಳ್ಳುತ್ತಾ ನಮ್ಮನ್ನು ನೋಡಿ, "ಅಬ್ಬಬ್ಬಾ! ಇದೇನ್ರಿ, ಇನ್ನೂ ಎಂಟೂವರೆ ಆಗಿಲ್ಲ, ಎಲ್ರೂ ಬಂದುಬಿಟ್ಟೀರಿ! ನಾನು ಹುಷಾರಿಲ್ದೆ ಮಲಗಿದ ಮೇಲೆ ಭಕ್ತಿ ಹೆಚ್ಚಾಗೈತೆ ನೋಡ್ರಿ," ಎಂದಳು.

ಅವಳ ಕಣ್ಣು ನನ್ನ ಕೈಗೆ ಬಿತ್ತು. "ಹಾರ ಯಾರಿಗ್ರಿ ಮೇಷ್ಟ್ರೇ?"

ನಾನು ಹಾರವನ್ನು ಬೆನ್ನ ಹಿಂದೆ ಅಡಗಿಸಿದೆ. ಹಜೀರಾಬೀಗೆ ತಡೆಯಲಾಗಲಿಲ್ಲ. "ನಿಂಗೇ ಅಕ್ಕಾ! ನೀ ಸತ್ತೀ ಅಂತ ಗಂಟೆ ಆತಲ್ಲ!"

ಒಂದು ಕ್ಷಣ ಸುವಾರ್ತಮ್ಮನಿಗೂ ತಿಳಿಯಲಿಲ್ಲ. ಆಮೇಲೆ ತಿಳಿಯಿತು. ಒಂದು ಕೈಯಲ್ಲಿ ಜಗ್ಗಿದರೆ ಗಂಟೆ ತೂಗುವುದಿಲ್ಲ. ಒಂದೇ ಕಡೆ ಬಡಿದು ಸುಮ್ಮನಾಗುತ್ತದೆ. ಮತ್ತೆ ಜಗ್ಗಲು ಅವಳಿಗೆ ದಮ್ಮು ಬೇಕು. ಅವಳು ಬಾರಿಸಿದ್ದು ಭಾನುವಾರದ ಗಂಟೆ, ನಮಗೆ ಕೇಳಿಸಿದ್ದು ಸಾವಿನ ಗಂಟೆ. ಅವಳು ನಗಲು ಶುರು ಮಾಡಿದಳು ನೋಡಿ! ಲಕ್ವಾದಿಂದ ಸೊಟ್ಟಗಾದ ಬಾಯಿ ಇನ್ನಷ್ಟು ಸೊಟ್ಟಗಾಗಿ, ಕಣ್ಣಲ್ಲಿ ನೀರು ಬಂದು, ಕಟ್ಟೆಯಿಂದ ಜಾರಿ ಬೀಳುವವಳನ್ನು ಇಬ್ಬರು ಹಿಡಿದುಕೊಂಡರು. ಅಷ್ಟರಲ್ಲಿ ಅಳತೆ ಟೇಪು ಹಿಡಿದು ಅಮ್ಜದ್ ಬಂದ. "ಐದಡೀನಾ?" ಎಂದು ಕೇಳಿ ಮುಂದೆ ನೋಡಿ ಹೌಹಾರಿದ. "ಬಾರಪ್ಪ, ಅಳತೆ ತಗೊಂಡ್ ಬಿಡು, ಆಮೇಲೆ ದಪ್ಪ ಆದ್ರೆ ಮರ ಜಾಸ್ತಿ ಬೇಕಾಗ್ತೈತೆ," ಎಂದಳು ಸುವಾರ್ತಮ್ಮ. ನನ್ನ ಕಡೆ ತಿರುಗಿ, "ಮೇಷ್ಟ್ರೇ, ಇಷ್ಟು ಚಂದದ ಹಾರ ಸತ್ತಮೇಲೆ ನಾನು ನೋಡಾಕಾಗ್ತೈತಾ? ಈಗ್ಲೇ ಹಾಕ್ರಿ," ಎಂದು ಕತ್ತು ಬಗ್ಗಿಸಿದಳು. ಹಾಕಿದೆ. ಅವತ್ತಿನ ಆರಾಧನೆಗೆ ಮುಂದಿನ ಬೆಂಚಿನಲ್ಲಿ ಹಾರ ಹಾಕಿಕೊಂಡೇ ಕೂತಳು. ಅಯ್ಯನವರು ಬೈಬಲ್ ಪ್ರಸಂಗದ ನಡುವೆ ಎರಡು ಸಲ ನಕ್ಕು ಮಾತು ಮರೆತರು. ಆರಾಧನೆ ಮುಗಿದ ಮೇಲೆ ಉಪ್ಪಿಟ್ಟು ತಿಂದೆವು, ಸತ್ತವಳೇ ನಮಗೆ ಬಡಿಸಿದಳು.

ಸಂಜೆ ಕ್ಷಮೆ ಕೇಳೋಣವೆಂದು ಅವಳ ಮನೆಗೆ ಹೋದೆ. ದೀಪ ಹಚ್ಚದೆ ಕೂತಿದ್ದಳು, ಅತ್ತು ಅತ್ತು ಮುಖ ಊದಿತ್ತು.

"ಬೆಳಿಗ್ಗೆ ಅಷ್ಟು ನಕ್ಕೆಯಲ್ಲವ್ವಾ," ಎಂದೆ.

"ನಗಬೇಕಾಗಿತ್ತು, ನಕ್ಕೆ. ನಗದಿದ್ರೆ ನೀವೆಲ್ಲಾ ಹೆಂಗೆ ಮನೆಗೆ ಹೋಗ್ತಿದ್ರಿ?" ಎಂದಳು. "ಇಪ್ಪತ್ತು ವರ್ಷ ನನ್ನ ಗಂಟೆ ಕೇಳಿ ಜನ ದೇವರ ಸನ್ನಿಧಿಗೆ ಬಂದ್ರು ಮೇಷ್ಟ್ರೇ. ಇವತ್ತು ಹೆಣಕ್ಕೆ ಬಂದ್ರು. ಈ ಕೈ ಹೋದ್ರೆ ಹೋಗ್ಲಿ, ಆಯಾ ಕೆಲಸ ಹೋದ್ರೆ ಹೋಗ್ಲಿ. ಗಂಟೆ ಒಂದು ನನ್ನ ಕೈಯಿಂದ ಹೋಗಬಾರ್ದು. ಅದು ಬಿಟ್ರೆ ದೇವರಿಗೆ ಕೊಡಾಕೆ ನನ್ನ ಹತ್ರ ಏನೈತೆ?"

ಉತ್ತರವಿಲ್ಲದಾಗ ನಾನು ಕಮಿಟಿ ಕರೆಯುತ್ತೇನೆ, ಅದು ನನ್ನ ಹಳೆಯ ಚಾಳಿ. ದಾವಣಗೆರೆಯ ಎಸ್.ಎಸ್. ಬಡಾವಣೆಯಲ್ಲಿ ಮನೆ ಮಾಡಿಕೊಂಡಿರುವ ನಮ್ಮ ಸಭೆಯ ಹಳೆಯ ಕುಟುಂಬವೊಂದು, ಗುಂಡಿ ಒತ್ತಿದರೆ ಸ್ಪೀಕರಿನಲ್ಲಿ ಬೇಕಾದ ಗಂಟೆ ಕೇಳಿಸುವ ಯಂತ್ರವನ್ನು ಕಾಣಿಕೆ ಕೊಡಲು ಮುಂದೆ ಬಂದಿತ್ತು. ಹಬ್ಬದ ಗಂಟೆ, ಮದುವೆ ಗಂಟೆ, ಸಾವಿನ ಗಂಟೆ, ಎಲ್ಲ ಅದರೊಳಗೇ ಇತ್ತು. ನಾನೇ ಅದರ ಪರವಾಗಿ ಜೋರಾಗಿ ಮಾತಾಡಿದೆ. ಹಾರದ ಅವಮಾನ ನನಗಿನ್ನೂ ಆರಿರಲಿಲ್ಲ. ಅಯ್ಯನವರು ಮಾತ್ರ, "ಈಸ್ಟರ್‌ವರೆಗೆ ಅಮ್ಮನಿಗೆ ಅವಕಾಶ ಕೊಡೋಣ," ಎಂದರು. ಈಸ್ಟರ್ ಬೆಳಿಗ್ಗೆ ಹಬ್ಬದ ಗಂಟೆಯನ್ನು ಹಬ್ಬದ ಗಂಟೆಯಂತೆಯೇ ಬಾರಿಸಿದರೆ ಗಂಟೆ ಸುವಾರ್ತಮ್ಮನದು. ಇಲ್ಲದಿದ್ದರೆ ಅವಳು ಹಗ್ಗ ಬಿಡಬೇಕು, ಯಂತ್ರ ಶುರುವಾಗಬೇಕು. ಹೀಗೆಂದು ತೀರ್ಮಾನವಾಯಿತು.

ಈಸ್ಟರಿಗೆ ಮುಂಚಿನ ಉಪವಾಸದ ಕಾಲವಾದ ಲೆಂಟಿನ ನಲವತ್ತು ದಿನವೂ ಆಕೆ ಆ ಕೈ ಎಬ್ಬಿಸಲು ಬಡಿದಾಡಿದಳು. ವಾರಕ್ಕೆ ಮೂರು ದಿನ ಬಸ್ಸು ಹತ್ತಿ ದಾವಣಗೆರೆಗೆ ವ್ಯಾಯಾಮಕ್ಕೆ ಹೋಗುತ್ತಿದ್ದಳು. ಅದು ಮುಗಿದ ಮೇಲೆ ಸೀದಾ ಮನೆಗೆ ಬರುತ್ತಿದ್ದಳೇ? ಎಲ್ಲಿಯ ಮಾತು! ತನ್ನ ಹಳೆಯ ವಾರ್ಡಿಗೆ ಹೋಗಿ ರೋಗಿಗಳ ಪಕ್ಕ ಕೂರುತ್ತಿದ್ದಳು. "ಈಗ ನಿನಗೆ ಅಲ್ಲೇನು ಕೆಲಸ?" ಎಂದು ಬೈದರೆ, "ಮುಂಚೆ ನಾನು ಸಮಾಧಾನ ಹೇಳಿದ್ರೆ, ನಿಂಗೇನ್ ಗೊತ್ತು ನಮ್ಮ ನೋವು ಅಂತಿದ್ರು. ಈಗ ಅನ್ನಲ್ಲ, ಕೈ ನೋಡಿ ಸುಮ್ನಾಗ್ತಾರೆ. ಲಕ್ವಾದಿಂದ ಅಷ್ಟು ಅನುಕೂಲ ಆಗೈತೆ," ಎಂದಳು. ಅಲ್ಲಿಯ ಮಂಡಿಪೇಟೆಯಲ್ಲಿ ಮೆತ್ತನೆಯ ನೂಲಿನ ಹಗ್ಗ ಕೊಂಡು ತಂದಳು. ಹಜೀರಾಬೀ ಅದರ ಹಿಡಿಯುವ ಜಾಗಕ್ಕೆ ಗಾದಿ ಬಟ್ಟೆ ಸುತ್ತಿ, ಒಳಗೆ ಹತ್ತಿ ತುಂಬಿ ಹೊಲಿದುಕೊಟ್ಟಳು. ಹಿತ್ತಲ ಬೇವಿನ ಕೊಂಬೆಗೆ ಹಗ್ಗ ಹಾಕಿ, ತುದಿಗೆ ಮರಳಿನ ಚೀಲ ಕಟ್ಟಿ, ಎಡಗೈಯಿಂದ ಜಗ್ಗುವುದು, ಬಲಗೈಯನ್ನು ಹಗ್ಗಕ್ಕೆ ಬಟ್ಟೆಯಿಂದ ಬಿಗಿದುಕೊಂಡು ಜಗ್ಗುವುದು. ನಾನು ದಿನಾ ಆ ಕಡೆ ಹೋಗುವಾಗ ಬೇಲಿಯಾಚೆಯಿಂದ ನೋಡುತ್ತಿದ್ದೆ. ಒಳಗೊಳಗೇ ಅವಳು ಗೆಲ್ಲಲಿ ಎಂದು ಬೇಡಿಕೊಳ್ಳುತ್ತಿದ್ದೆ, ಹೊರಗೆ ಮಾತ್ರ ಕಾರ್ಯದರ್ಶಿಯ ಮುಖ.

ಕರ್ತನು ಶಿಲುಬೆಯ ಮೇಲೆ ಸತ್ತ ಶುಭ ಶುಕ್ರವಾರದಿಂದ ಈಸ್ಟರ್‌ವರೆಗೆ ನಮ್ಮಲ್ಲಿ ಗಂಟೆ ಬಾರಿಸುವುದಿಲ್ಲ. ಶನಿವಾರ ಮಧ್ಯಾಹ್ನ ಆಕೆ ನನ್ನನ್ನು ಕರೆಸಿದಳು. "ನಿಮ್ಮ ಮುಂದೇ ನೋಡ್ತೀನಿ ಬರ್ರಿ," ಎಂದು ಗಂಟೆಯ ಕೆಳಗೆ ನಿಂತು, ಹಜೀರಾಬೀ ಹೊಲಿದ ಹಗ್ಗವನ್ನೇ ಗಂಟೆಗೆ ಕಟ್ಟಿಸಿ, ನಾಲಿಗೆ ಸದ್ದಾಗದಂತೆ ಅದಕ್ಕೆ ಬಟ್ಟೆ ಸುತ್ತಿಸಿ, ಜಗ್ಗಿದಳು. ಗಂಟೆ ಒಂದು ಕಡೆ ಹೋಯಿತು, ಸುಸ್ತಾಗಿ ನಡುವೆ ಬಂದು ನಿಂತಿತು. ಎರಡನೇ ಸಲವೂ ಅಷ್ಟೇ. ಮೂರನೇ ಸಲ ಮೈಯೆಲ್ಲ ಭಾರ ಹಾಕಿ ಜಗ್ಗಿದಳು, ಕೋಲು ಜಾರಿತು, ಮಂಡಿಯೂರಿ ಬಿದ್ದಳು. ನಾನು ಎತ್ತಲು ಹೋದರೆ ಕೈ ಅಡ್ಡ ಹಿಡಿದಳು. ಬಿದ್ದ ಜಾಗದಲ್ಲೇ ಕೂತು ಅತ್ತಳು, ಅಡಗಿಸಿಕೊಳ್ಳದೆ, ದೊಡ್ಡ ದನಿ ತೆಗೆದು.

"ನಿಮಗೆ ಗೊತ್ತಿಲ್ಲ ಮೇಷ್ಟ್ರೇ," ಎಂದಳು ಸುಮಾರು ಹೊತ್ತಿನ ಮೇಲೆ. "ನನಗೊಂದು ಕೂಸು ಇತ್ತು, ಹೆಣ್ಣು. ನೀವು ಈ ಓಣಿಗೆ ಬರೋಕಿಂತ ಮುಂಚೆ. ವರ್ಷ ತುಂಬಿ ಎಂಟು ದಿನಕ್ಕೆ ಹೋತು. ಅದಕ್ಕೆ ಒಂದೇ ಏಟು. ನಮ್ಮೆಜಮಾನರು ಒಂದು ಹೊಡೆದು, ಇನ್ನೊಂದು ಹೊಡಿಯಾಕೆ ಇಲ್ಲ ಅಂತ ಹಗ್ಗ ಹಿಡ್ಕೊಂಡು ಹಂಗೇ ನಿಂತಿದ್ರು. ಅದೇ ವಾರ ಯಾರದೋ ಮದುವೆ. ನಮ್ಮೆಜಮಾನರಿಗೆ ಮತ್ತೆ ಹಗ್ಗ ಹಿಡಿಯಾಕೆ ಆಗ್ಲಿಲ್ಲ, ನಾನೇ ಹೋಗಿ ಹಬ್ಬದ ಗಂಟೆ ಹೊಡೆದೆ, ಅದೇ ನಾನು ಮೊದಲ್ನೇ ಸಲ ಹಗ್ಗ ಮುಟ್ಟಿದ್ದು. ಕೈ ಏಳಾಕೆ ಒಲ್ಲೆ ಅಂತು. ಎಬ್ಬಿಸಿದೆ. ಎಬ್ಬಿಸಿದ ಮೇಲೆ ಎದ್ದಿತು. ಅವತ್ತಿಂದ ನನಗೆ ಗೊತ್ತು, ಎಬ್ಬಿಸಿದ್ರೆ ಏಳ್ತೈತೆ ಅಂತ. ಇವತ್ತು ಏಳ್ಲಿಲ್ಲ ನೋಡ್ರಿ."

ಏನಾದರೂ ಒಳ್ಳೆಯ ಮಾತು ಆಡಬೇಕಿತ್ತು. ಬಾಯಿಂದ ಬಂದದ್ದು, "ನಾಳೆ ಐದಕ್ಕೆ ಮಷೀನು ಹಚ್ಚೋಣವ್ವ," ಎಂದು. ಎಂಥ ಕಲ್ಲು ಮನುಷ್ಯ ನಾನು!

ಅವಳು ಮೂಗು ಒರೆಸಿಕೊಂಡು ಕೋಲು ಹುಡುಕಿ ಎದ್ದಳು. ನಾಲಿಗೆಗೆ ಸುತ್ತಿದ ಬಟ್ಟೆಯನ್ನು ನನ್ನಿಂದಲೇ ಬಿಚ್ಚಿಸಿದಳು. "ಹಚ್ಚಿಕೊಳ್ರಿ," ಎಂದಳು. "ಇವತ್ತು ಸಮಾಧಾನ ಆಗೋತನ ಅಳ್ತೀನಿ. ನಾಳೆ ಅಳೋ ದಿನ ಅಲ್ಲ."

ಈಸ್ಟರ್ ದಿನ ನಮ್ಮಲ್ಲಿ ಸೂರ್ಯ ಹುಟ್ಟುವ ಮೊದಲೇ ಆರಾಧನೆ. ನಾನು ಎದ್ದು, ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು, ಯಂತ್ರದ ಗುಂಡಿ ಒತ್ತಲು ಹೊರಡುವುದರಲ್ಲಿದ್ದೆ. ಗಡಿಯಾರದಲ್ಲಿ ಐದಕ್ಕೆ ಹದಿನೈದು ನಿಮಿಷ ಇತ್ತು.

ಢಣ್.

ಕಿವಿಗೊಟ್ಟೆ. ಐದು ಎಣಿಸುವಷ್ಟು ಮೌನ. ಢಣ್.

ನನ್ನ ಪಿತ್ತ ನೆತ್ತಿಗೇರಿತು. ಈಸ್ಟರ್ ದಿನ! ಕರ್ತನು ಎದ್ದ ದಿನ! ಊರೆಲ್ಲ ಕೇಳುವ ಹಾಗೆ ಸಾವಿನ ಗಂಟೆ! ಹಟಮಾರಿ ಹೆಂಗಸು, ಸೋತದ್ದನ್ನು ಒಪ್ಪಿಕೊಳ್ಳದೆ ಒಂದೇ ಕೈಯಲ್ಲಿ ಜಗ್ಗುತ್ತಿದ್ದಾಳೆ ಎಂದು ಚಪ್ಪಲಿ ಮೆಟ್ಟಿಕೊಂಡು ಹೊರಬಿದ್ದೆ. ಅಥವಾ ನಿಜವಾಗಿಯೂ ಯಾರಾದರೂ ಹೋದರೋ? ಕಾಲು ನಡೆಯುತ್ತಿದ್ದರೆ ಬಾಯಿ ತಾನಾಗಿ ಎಣಿಸುತ್ತಿತ್ತು. ಮೂವತ್ತು. ನಲವತ್ತು. ಓಣಿಯಲ್ಲಿ ಒಂದೊಂದೇ ದೀಪ ಹತ್ತಿತು. ಬಾಗಿಲು ತೆರೆದವು. ಜನ ಬಾಗಿಲಲ್ಲೇ ನಿಂತು ಎಣಿಸುತ್ತಿದ್ದರು. ಐವತ್ತೆಂಟು, ಸುವಾರ್ತಮ್ಮನ ವಯಸ್ಸು, ಅದೂ ದಾಟಿತು. "ಅರವತ್ತೆರಡು," ಎಂದಳು ಹಜೀರಾಬೀ ತನ್ನ ಗೇಟಿನಲ್ಲಿ ನಿಂತು. "ಈ ಸಲ ಯಾರ್ರಿ ಮೇಷ್ಟ್ರೇ?"

"ನಂಗೇನ್ ಗೊತ್ತು, ನಡಿ," ಎಂದೆ.

ಎಪ್ಪತ್ತು. ಎಂಬತ್ತು. 'ಪುಣ್ಯವಂತರು' ಎಂದಿತು ಯಾವುದೋ ಕಿಟಕಿ. ಎಂಬತ್ತೈದು ದಾಟಿದ ಮೇಲೆ ನಮ್ಮ ಸಭೆಯಲ್ಲಿ ಉಳಿದದ್ದು ಒಂದೇ ಜೀವ, ತೊಂಬತ್ತೆರಡರ ರೂತಜ್ಜಿ. ಎಲ್ಲರ ಮುಖವೂ ಅಜ್ಜಿಯ ಮನೆಯ ಕಡೆ ತಿರುಗಿತು. ತೊಂಬತ್ತು, ತೊಂಬತ್ತೊಂದು, ತೊಂಬತ್ತೆರಡು. ಮೊಮ್ಮಗಳ ಹೆಗಲು ಹಿಡಿದು ರೂತಜ್ಜಿ ಹೊಸ್ತಿಲಿಗೆ ಬಂದು, "ನಾನಲ್ಲ ಕಣ್ರೋ, ನಾನಿನ್ನೂ ಇದೀನಿ!" ಎಂದು ಕೂಗಿದಳು.

ಢಣ್. ತೊಂಬತ್ತಮೂರು.

ಆಗ ಓಣಿಗೇ ಏನೋ ಆಯಿತು. ಯಾರೂ ನಿಂತಲ್ಲಿ ನಿಲ್ಲಲಿಲ್ಲ. ನಾವು ನಡೆಯುತ್ತಿದ್ದವರು ಓಡಿದೆವು. ತೊಂಬತ್ತೊಂಬತ್ತು. ನೂರು. ನೂರೊಂದು. "ಯಾ ಅಲ್ಲಾ, ಇಷ್ಟು ವಯಸ್ಸಿನೋರು ಯಾರಿದಾರೆ ಈ ಊರಾಗೆ?" ಎಂದು ಹಜೀರಾಬೀ ನನ್ನ ಹಿಂದೆಯೇ ಓಡಿಬಂದಳು. ಚರ್ಚಿನ ಅಂಗಳ ಮುಟ್ಟುವಾಗ ನೂರ ಹದಿನಾಲ್ಕಾಗಿತ್ತು.

ಸುವಾರ್ತಮ್ಮ ಗಂಟೆಯ ಕೆಳಗೆ ಕಂಬಕ್ಕೆ ಬೆನ್ನು ಕೊಟ್ಟು ನಿಂತಿದ್ದಳು. ಕೋಲು ಒಂದು ಕಡೆ ಬಿದ್ದಿತ್ತು. ಬಲಗೈ ಜೋತಾಡುತ್ತಿತ್ತು. ಮದುವೆಯ ಸೀರೆ ಉಟ್ಟಿದ್ದಳು, ಅದು ಬೆವರಿಗೆ ಮೈಗಂಟಿತ್ತು. ಎಡಗೈ ಮೇಲೆ ಹೋಗುತ್ತಿತ್ತು, ಹಗ್ಗ ಹಿಡಿಯುತ್ತಿತ್ತು, ಮೈಯೆಲ್ಲ ಬಾಗಿ ಜಗ್ಗುತ್ತಿತ್ತು. ಢಣ್. ಮುಖ ನೋಡಿದರೆ ನಗು, ಇಡೀ ಮುಖ ನಗು.

"ನಿಲ್ಲಿಸು!" ಎಂದೆ ಏದುಸಿರು ಬಿಡುತ್ತಾ. "ಏನಿದು ಅವಾಂತರ? ಯಾರು ಸತ್ತಾರೆ?"

"ಸಾವು ಸತ್ತೈತೆ ಮೇಷ್ಟ್ರೇ," ಎಂದಳು. ಢಣ್. "ಕರ್ತ ಎದ್ದ ಮೇಲೆ ಇವತ್ತು ಸತ್ತಿದ್ದು ಸಾವೇ ಅಲ್ವೇನ್ರಿ? ಅದಕ್ಕೊಂದು ಗಂಟೆ ಬ್ಯಾಡ್ವಾ? ಇಷ್ಟು ದಿನ ನಮ್ಮೋರಿಗೆಲ್ಲಾ ಹೊಡೆಸಿಕೊಂತು. ಇವತ್ತು ಅದಕ್ಕೇ ಹೊಡಿತೀನಿ." ಢಣ್. "ಅದರ ವಯಸ್ಸು ಎಷ್ಟಂತ ನಂಗೆ ಗೊತ್ತಿಲ್ಲ. ನೀವು ಲೆಕ್ಕದ ಮೇಷ್ಟ್ರು, ಹೇಳ್ರಿ. ನೀವು ಹೇಳೋತನ ಹೊಡಿತೀನಿ."

ಮೂವತ್ತೊಂದು ವರ್ಷ ಎಷ್ಟೋ ಲೆಕ್ಕ ಬಿಡಿಸಿದ್ದೇನೆ. ಈ ಲೆಕ್ಕ ಯಾರು ಬಿಡಿಸುತ್ತಾರೆ? ಲೋಕದ ಮೊದಲ ತಾಯಿ ಮೊದಲ ಮಗುವಿಗೆ ಅತ್ತ ದಿನದಿಂದ ಎಣಿಸಬೇಕು. ನಾನು ಅಂಗಳದಲ್ಲಿ ಎಲ್ಲರ ಮುಂದೆ ಅತ್ತುಬಿಟ್ಟೆ. ನನ್ನ ಹಿಂದೆ ಅಯ್ಯನವರು ನಿಲುವಂಗಿಯ ಗುಂಡಿ ಹಾಕಿಕೊಳ್ಳುವುದನ್ನೂ ಮರೆತು ನಿಂತಿದ್ದರು. "ಬಾರಿಸಮ್ಮಾ, ಬಾರಿಸು!" ಎಂದು ಚಿಕ್ಕ ಹುಡುಗನಂತೆ ಕೂಗಿದರು. ಆಮೇಲೆ ಅಂಗಳದ ಕಡೆ ತಿರುಗಿ, "ಕರ್ತನು ಎದ್ದಿದ್ದಾನೆ!" ಎಂದರು. ಪ್ರತಿವರ್ಷ ನಾವು ಈ ಮಾತಿಗೆ ನಿದ್ದೆಗಣ್ಣಿನಲ್ಲಿ ಗೊಣಗುತ್ತೇವೆ. ಅವತ್ತು "ನಿಜವಾಗಿ ಎದ್ದಿದ್ದಾನೆ!" ಎಂದು ಜನ ಕೂಗಿದ್ದಕ್ಕೆ ಮರದ ಕಾಗೆಗಳೆಲ್ಲ ಹಾರಿದವು.

ಇನ್ನೂರರ ಹತ್ತಿರ ಅವಳ ತೋಳು ನಡುಗತೊಡಗಿತು. ನಾನು ಮುಂದೆ ಹೋಗಿ ಹಗ್ಗಕ್ಕೆ ಎರಡೂ ಕೈ ಹಾಕಿದೆ.

"ಎಡಗೈ ಮೇಷ್ಟ್ರೇ," ಎಂದಳು. "ಒಂದೇ ಕೈ. ಇದು ಎಡಗೈ ಗಂಟೆ."

ಬಲಗೈ ಬೆನ್ನ ಹಿಂದೆ ಕಟ್ಟಿಕೊಂಡು ಅವಳ ಜೊತೆ ಜಗ್ಗಿದೆ. ಕರ್ತನೇ, ಎಷ್ಟು ಭಾರ! ಹತ್ತು ಏಟಿಗೆ ನನ್ನ ಭುಜ ಕಳಚಿದಂತಾಯಿತು. ಆ ಹೆಂಗಸು ಇನ್ನೂರು ಹೊಡೆದಿದ್ದಳು. ಆಮೇಲೆ ಅಯ್ಯನವರು ಬಂದರು, ಹೆಂಗಸರು ಬಂದರು, ರೂತಜ್ಜಿಯೂ ಹಗ್ಗ ಮುಟ್ಟಿಯೇ ತೀರುತ್ತೇನೆಂದು ಬಂದಳು. ಹಜೀರಾಬೀ, "ನಾನೂ ಮುಟ್ಟಬೌದಾ ಅಕ್ಕಾ?" ಎಂದಳು. "ನೀನು ಹೊಲಿದ ಹಗ್ಗನೇ ಅಲ್ವೇನೇ," ಎಂದಳು ಸುವಾರ್ತಮ್ಮ. ನಾನು ಮುನ್ನೂರ ನಲವತ್ತರವರೆಗೆ ಎಣಿಸಿದೆ. ಆಮೇಲೆ ಜೀವನದಲ್ಲಿ ಮೊದಲ ಸಲ ಲೆಕ್ಕ ಬಿಟ್ಟೆ. ದಾವಣಗೆರೆಯ ಕಡೆ ಆಕಾಶ ಕೆಂಪಾಗುವವರೆಗೂ ಬಾರಿಸಿದೆವು.

ಸುವಾರ್ತಮ್ಮನ ಬಲಗೈ ಇವತ್ತಿಗೂ ಎದ್ದಿಲ್ಲ, ಇನ್ನು ಏಳುವುದಿಲ್ಲ ಎಂದು ಡಾಕ್ಟರು ಹೇಳಿಬಿಟ್ಟಿದ್ದಾರೆ. ಗಂಟೆ ಅವಳದೇ. ಯಂತ್ರದ ಸ್ಪೀಕರನ್ನು ಕಾಣಿಕೆ ಕೊಟ್ಟವರ ಒಪ್ಪಿಗೆಯಿಂದ ಒಳಗಿಟ್ಟಿದ್ದೇವೆ, ಹಿಂದಿನ ಬೆಂಚಿನ ಮುದುಕರಿಗೆ ಪ್ರಸಂಗ ಕೇಳಲೆಂದು. ಸಾಮಾನ್ಯ ಭಾನುವಾರ ಮೂರೇ ಏಟು ಹೊಡೆಯುತ್ತಾಳೆ, ಜನ ಎಂಟೂಮುಕ್ಕಾಲಿಗೇ ಬರುತ್ತಾರೆ. ಆದರೆ ಹಬ್ಬಕ್ಕೂ ಸಾವಿಗೂ ನಮ್ಮಲ್ಲೀಗ ಇರುವುದು ಒಂದೇ ಗಂಟೆ. ಎರಡನ್ನೂ ಬೇರೆ ಮಾಡಿ ಎಂದು ಕಮಿಟಿಯಲ್ಲಿ ಯಾರೂ ಕೇಳಿಲ್ಲ, ಕಾರ್ಯದರ್ಶಿಯಂತೂ ಕೇಳುವುದಿಲ್ಲ. ಮೊದಲ ಏಟು ಬಿದ್ದಾಗ ಓಣಿ ಉಸಿರು ಬಿಗಿಹಿಡಿದು ಎಣಿಸುತ್ತದೆ. ಅರವತ್ತಕ್ಕೋ ಎಪ್ಪತ್ತಕ್ಕೋ ನಿಂತರೆ ಸೆರಗು ಕಣ್ಣಿಗೆ ಹೋಗುತ್ತದೆ. ನಿಲ್ಲದೆ ಎಂಬತ್ತು, ತೊಂಬತ್ತು ದಾಟಿ ಹೋದರೆ ಹಬ್ಬವೆಂದು ಹೆಂಗಸರು ಬಾಗಿಲಿಗೆ ಬರುತ್ತಾರೆ, ಹುಡುಗರು ಬೆರಳು ಮಡಚುತ್ತಾ ಕುಣಿಯುತ್ತಾರೆ, ನಾನು ಅಂಗಿಯ ಎಡತೋಳು ಮಡಚಿಕೊಂಡು ಹೊರಡುತ್ತೇನೆ. ಗೇಟಿನಲ್ಲಿ ನಿಂತ ಹಜೀರಾಬೀ ಇಡೀ ಓಣಿಗೆ ಕೇಳುವಂತೆ ಕೂಗುತ್ತಾಳೆ: "ನೂರು ದಾಟ್ತು! ನೂರು ದಾಟ್ತು!"